ಗುಲಾಬಿಯ ಸೊರಕ್ಕೆ ಎರಡು ದಾರಿ

೨೦೨೩ರಲ್ಲಿ ನಾನು ತೆಕ್ಕಟ್ಟೆಯ ನಮ್ಮ ಮನೆಯ ಅಕ್ಕಿ ಕೋಣೆಯಲ್ಲಿ ಕೆಲಸಕ್ಕಿದ್ದೆ. ಹುದ್ದೆಯ ಹೆಸರು ಹೇಳುವುದು ಸ್ವಲ್ಪ ಕಷ್ಟ. ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕಗಳನ್ನು ಓದಿ, ರೆಕಾರ್ಡ್ ಮಾಡಿ, ಕೆಮ್ಮು ಸೀನುಗಳನ್ನು ತೆಗೆದು ಕಳಿಸಿಕೊಡುವುದು ನನ್ನ ಕೆಲಸ. ಅರ್ಜಿಗಳಲ್ಲಿ ಉದ್ಯೋಗ ಎಂದಿರುವಲ್ಲಿ ಮಾತ್ರ ಈಗಲೂ ಗೃಹಿಣಿ ಎಂದೇ ಬರೆಯುತ್ತೇನೆ. ಸಾರು ಕುದಿಯಲು ಇಟ್ಟು ಬಂದು ಇತಿಹಾಸದ ಅರ್ಧ ಅಧ್ಯಾಯ ಓದಿ, ಒಗ್ಗರಣೆಗೆ ಎದ್ದು ಹೋಗುವವಳನ್ನು ಬೇರೆ ಏನೆಂದು ಕರೆಯುವುದು?

ಈ ಕೆಲಸಕ್ಕೆ ನನ್ನನ್ನು ತಯಾರು ಮಾಡಿದವರು ಕುಂದಾಪುರದ ಕಾನ್ವೆಂಟಿನಲ್ಲಿ ನಮಗೆ ಕನ್ನಡ ಕಲಿಸುತ್ತಿದ್ದ ಸಿಸ್ಟರ್. "ಪದದ ಬಾಲ ನುಂಗಬೇಡಿ ಮಕ್ಕಳೇ" ಎಂದು ಅವರು ದಿನಕ್ಕೆ ಹತ್ತು ಸಲವಾದರೂ ಹೇಳುತ್ತಿದ್ದರು. ಬರುತ್ತೇನೆ ಎನ್ನುವುದನ್ನು 'ಬತ್ತೆ' ಎಂದು ಮುಗಿಸಿ ಅಷ್ಟರಲ್ಲಿ ಗೇಟು ದಾಟಿರುವ ಊರಿನ ಮಕ್ಕಳು ನಾವು. ಅಂಥ ನಮ್ಮ ಬಾಯಲ್ಲಿ ಒಂದೊಂದು ಅಕ್ಷರವನ್ನೂ ಕೊನೆಯವರೆಗೆ ನಡೆಸಿಕೊಂಡು ಹೋಗುವುದನ್ನು ಅವರು ಕಲಿಸಿದರು. ಮನೆಯಲ್ಲಿ ಒಂದು ಕನ್ನಡ, ಶಾಲೆಯಲ್ಲಿ ಇನ್ನೊಂದು ಕನ್ನಡ. ಮೈಕಿನ ಮುಂದೆ ನಾನು ಯಾವಾಗಲೂ ಶಾಲೆಯದನ್ನೇ ಉಟ್ಟುಕೊಂಡು ಕೂರುತ್ತಿದ್ದೆ.

ಅಕ್ಕಿ ಕೋಣೆಯ ಗೋಡೆಗೆ ಹಳೆಯ ರಜಾಯಿಗಳನ್ನು ತೂಗು ಹಾಕಿದ್ದೆ. ಬಾಗಿಲ ಸಂದಿಗೆ ಟವೆಲು. ಮೇಜಿನ ಮೇಲೆ ಮೈಕು, ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರು, ಇವೆರಡರ ನಡುವೆ ಒಂದು ಕಪ್ಪು ಡಬ್ಬಿ. ಅದಕ್ಕೆ ಆಡಿಯೋ ಇಂಟರ್‌ಫೇಸ್ ಎನ್ನುತ್ತಾರೆ. ಮೈಕಿನಿಂದ ಬಂದ ಸ್ವರವನ್ನು ಕಂಪ್ಯೂಟರಿಗೆ ತಿಳಿಯುವ ಅಂಕಿಗಳಾಗಿ ಬದಲಾಯಿಸುವುದು ಅದರ ಕೆಲಸ. ನನ್ನದು ಮುಂಬೈಯಲ್ಲಿ ಭಜನೆಗಳಿಗೆ ಸೌಂಡ್ ಮಾಡಿ ಊರಿಗೆ ಮರಳಿದ ಒಬ್ಬರಿಂದ ಬಂದದ್ದು. ಅದರೊಳಗೆ ಸ್ವರವನ್ನು ತಿದ್ದುವ ಪ್ರೊಸೆಸರ್ ಕೂಡ ಇತ್ತು. ನಾಯ್ಸ್ ಗೇಟ್ ಎಂಬುದು, ಸ್ವರ ಒಂದು ಮಟ್ಟಕ್ಕಿಂತ ಇಳಿದ ಕೂಡಲೇ ಬಾಗಿಲು ಹಾಕಿ ಹೊರಗಿನ ಗಲಾಟೆಯನ್ನು ತಡೆಯುತ್ತದೆ. ಫೀಡ್‌ಬ್ಯಾಕ್ ಸಪ್ರೆಸರ್ ಎಂಬುದು, ಸಭೆಗಳಲ್ಲಿ ಮೈಕು 'ಕೂಂ' ಎಂದು ಕಿರುಚುತ್ತದಲ್ಲ, ಅದನ್ನು ಹಿಡಿದು ಅದುಮುತ್ತದೆ. ಹೆದ್ದಾರಿಯ ಲಾರಿಗಳು, ಪಕ್ಕದ ಮನೆಯ ಮಿಕ್ಸಿ, ತೆಂಗಿನ ಮರದ ಕಾಗೆಗಳು, ಎಲ್ಲವನ್ನೂ ಈ ಡಬ್ಬಿ ಗುಡಿಸಿ ಹೊರಗೆ ಹಾಕುತ್ತಿತ್ತು. ಅದಕ್ಕೆ ನನ್ನದೇ ಸ್ವಭಾವ ಎಂದು ಒಳಗೊಳಗೇ ಖುಷಿಯಿತ್ತು.

ಡಬ್ಬಿಗೆ ಸೋಲದವಳು ಒಬ್ಬಳೇ, ನಮ್ಮ ಬೆಕ್ಕು ಸುಬ್ಬಿ. ನಾನು ಬಾಗಿಲು ಹಾಕಿಕೊಂಡರೆ ಟವೆಲಿನ ಮೇಲೇ ಮಲಗುತ್ತಿದ್ದಳು. ಓಣಿಯ ತುದಿಯಲ್ಲಿ "ಮೀನೋ...ಯ್" ಎಂಬ ಕೂಗು ಕೇಳಿದರೆ ಮಾತ್ರ ಎದ್ದು ಒಂದು ದೊಡ್ಡ ಉತ್ತರ ಕೊಟ್ಟು ಗೇಟಿಗೆ ಓಡುತ್ತಿದ್ದಳು. ಆಗ ನಾನೂ ರೆಕಾರ್ಡಿಂಗ್ ನಿಲ್ಲಿಸಿ ಪಾತ್ರೆ ಹಿಡಿದು ಹೋಗುತ್ತಿದ್ದೆ.

ಆ ಕೂಗು ಬೀಜಾಡಿಯ ಗುಲಾಬಿಯದು. ನಾನು ಮದುವೆಯಾಗಿ ಈ ಮನೆಗೆ ಬಂದಂದಿನಿಂದ ನಮಗೆ ಮೀನು ಕೊಡುವವಳು ಅವಳೇ. ಆ ವರ್ಷ ಮಳೆಗಾಲದುದ್ದಕ್ಕೂ ಅವಳ ಸ್ವರ ಒಡೆದಿತ್ತು.

"ಸೊರ ಎಂತ ಆಯ್ತ್ ಗುಲಾಬಿ?"

"ಎಂತ ಆಪ್ದ್ ಅಮ್ಮ? ಕೂಗಿ ಕೂಗಿ ತಂತಿ ತುಂಡಾಯ್ತ್ ಕಾಣ್ತ್."

ಇಬ್ಬರೂ ನಕ್ಕಿದ್ದೆವು. ಮಳೆ ಬಿಟ್ಟ ಮೇಲೆ ಒಂದು ಗುರುವಾರ ಅವಳು ಕೂಗದೆ, ಬುಟ್ಟಿಯಿಲ್ಲದೆ, ಬರಿಗೈಯಲ್ಲಿ ಬಂದಳು. ಜಗಲಿಯಲ್ಲಿ ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದಳು.

"ಗಂಟ್ಲ್ ಒಳ್ಗೆ ಗಡ್ಡಿ ಇತ್ತಂಬ್ರ್. ಸೊರದ ಪೆಟ್ಗಿಯೇ ತೆಗೀಕಂಬ್ರ್. ಜೀಂವ ಉಳಿತ್, ಸೊರ ಹೋತ್ ಅಂದ್ರ್ ಡಾಕ್ಟ್ರ್. ಸೋಮಾರ ಅಡ್ಮಿಟ್ ಆಯ್ಕ್."

ಅವಳೇ ಮುಂದುವರಿಸಿದಳು: "ಬಾಯಿ ಮುಚ್ಕಂಡ್ ಮೀನ್ ಮಾರುದ್ ಹ್ಯಾಂಗೆ ಹೇಳಿ? ಮೀನ್ ಹಳ್ಸಿ ವಾಸ್ನಿ ಬಪ್ಪುವರಿಗೂ ಗುಲಾಬಿ ಬಂದದ್ದ್ ಯಾರಿಗೂ ಗೊತ್ತಾತಿಲ್ಲೆ."

ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದ ನಂದಿತಾ ಎಂಬ ಮೈಸೂರಿನ ಹುಡುಗಿ ಅವಳಿಗೆ ಒಂದು ಉಪಾಯ ಹೇಳಿದ್ದರು. ಆಪರೇಶನ್ನಿಗೆ ಮೊದಲು ಬೇಕಾದ ಮಾತುಗಳನ್ನೆಲ್ಲ ಅವಳದೇ ಸ್ವರದಲ್ಲಿ ಒಂದೊಂದಾಗಿ ರೆಕಾರ್ಡ್ ಮಾಡಿಟ್ಟು ಮೊಬೈಲಿಗೆ ಹಾಕುವುದು. ಆಮೇಲೆ ಚಿತ್ರ ಒತ್ತಿದರೆ ಆ ಮಾತು ಅವಳ ಸ್ವರದಲ್ಲೇ ಬರುತ್ತದೆ. ಮೆಸೇಜ್ ಬ್ಯಾಂಕಿಂಗ್ ಎಂದು ಅದರ ಹೆಸರು. ಆದರೆ ಬೀಜಾಡಿಯ ಅವಳ ಮನೆಯಲ್ಲಿ ಫೋನಿಗೆ ಮಾತಾಡಿದರೆ ಮಾತಿಗಿಂತ ಕಡಲೇ ಜಾಸ್ತಿ ಕೇಳುತ್ತಿತ್ತು. "ನಿಮ್ಮಲ್ ಒಂದ್ ಕೋಣಿ ಇತ್ತಲ್ದಾ, ಸದ್ದಿಲ್ದಿದ್ದದ್ದ್?" ಎಂದು ಕೇಳಲು ಬಂದಿದ್ದಳು.

ನಾನು ಅಲ್ಲಿಂದಲೇ ನಂದಿತಾಗೆ ಫೋನ್ ಮಾಡಿದೆ.

"ತುಂಬ ಒಳ್ಳೇದಾಯ್ತು ಮೇಡಂ. ಆದ್ರೆ ಒಂದ್ ಷರತ್ತು. ನಾನು ವೀಡಿಯೋ ಕಾಲ್‌ನಲ್ಲಿ ನೇರವಾಗಿ ಕೇಳ್ತಾ ಇರ್ಬೇಕು, ನಿಮ್ ಒಳ್ಳೇ ಮೈಕಿಂದಾನೇ. ಗಂಟಲಿಗೆ ಸುಸ್ತಾಗೋದು ಅವರಿಗೆ ಗೊತ್ತಾಗೋಕ್ ಮುಂಚೆ ನನಗೆ ಗೊತ್ತಾಗ್ಬೇಕು. ಶನಿವಾರ, ಭಾನುವಾರ ಬೆಳಿಗ್ಗೆ ನಾನು ಬಿಡುವು ಮಾಡ್ಕೋತೀನಿ."

ಶುಕ್ರವಾರ ಒಂದೇ ದಿನ ನನ್ನ ಕೈಯಲ್ಲಿತ್ತು. ರೆಕಾರ್ಡಿಂಗ್ ನಡೆಯುತ್ತಿರುವಾಗಲೇ ವೀಡಿಯೋ ಕಾಲ್ ಹಚ್ಚಿ ನೋಡಿದರೆ ನನ್ನ ಮುದಿ ಡೆಸ್ಕ್‌ಟಾಪು ಎರಡನ್ನೂ ಒಟ್ಟಿಗೆ ಹೊರಲಾರದೆ ಮಾತಿನ ನಡುನಡುವೆ ಟಿಕ್ ಟಿಕ್ ಎನ್ನತೊಡಗಿತು. ಕೇಳಿ ನೋಡಿದರೆ ಅರ್ಧರ್ಧ ಅಕ್ಷರಗಳೇ ಇಲ್ಲ. ಹಾಗಾದರೆ ಎರಡು ಕಂಪ್ಯೂಟರು ಬೇಕು: ರೆಕಾರ್ಡಿಂಗಿಗೆ ಡೆಸ್ಕ್‌ಟಾಪು, ಕಾಲ್‌ಗೆ ನನ್ನ ಯಜಮಾನರ ಲ್ಯಾಪ್‌ಟಾಪು. ಮೈಕು ಒಂದೇ, ಡಬ್ಬಿ ಒಂದೇ, ಡಬ್ಬಿಗಿರುವ ಯುಎಸ್‌ಬಿ ತೂತೂ ಒಂದೇ.

ಯಜಮಾನರು ಬ್ರಹ್ಮಾವರದ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದವರು. ಅಂದು ರಜೆ ಹಾಕಿ ಕುಂದಾಪುರಕ್ಕೆ ಹೋಗಿ ಒಂದು ಯುಎಸ್‌ಬಿ ಹಬ್ ತಂದರು. "ಕಾಣ್, ನಾಕ್ ತೂತಿತ್ತ್. ನಾಕ್ ಕಂಪ್ಯೂಟರ್ ಹಾಕ್ಲಕ್ಕ್!"

ಹಾಕಿದೆವು. ಏನೂ ಆಗಲಿಲ್ಲ. ಹಬ್ ಎಂಬುದು ಒಂದು ಕಂಪ್ಯೂಟರಿಗೆ ನಾಲ್ಕು ಸಾಮಾನು ಜೋಡಿಸಲು ಇರುವುದು, ಒಂದು ಸಾಮಾನಿಗೆ ನಾಲ್ಕು ಕಂಪ್ಯೂಟರು ಜೋಡಿಸಲು ಅಲ್ಲ. ಯುಎಸ್‌ಬಿಯಲ್ಲಿ ಒಂದು ಡಬ್ಬಿಗೆ ಒಬ್ಬಳೇ ಯಜಮಾನತಿ. ಒಂದೇ ಕಾವಲಿಯ ಮೇಲೆ ಇಬ್ಬರು ದೋಸೆ ಹುಯ್ಯಲು ನಿಂತರೆ ಆಗುವ ಗತಿಯೇ ಅಲ್ಲಿಯೂ.

ಸೋಫಾದ ಮೇಲೆ ಕೂತರೆ ಕೂರಲಾಗುತ್ತಿರಲಿಲ್ಲ. ಬಚ್ಚಲ ನಲ್ಲಿ ತೊಟ್ಟಿಕ್ಕುವುದು ಕೇಳುತ್ತಿತ್ತು, ಎದ್ದು ಹೋಗಿ ತಿರುಪಿದೆ. ಗಡಿಯಾರದ ಸದ್ದು ಕೇಳುತ್ತಿತ್ತು, ಅದನ್ನು ತೆಗೆದು ಹಾಸಿಗೆಯ ಮೇಲೆ ಕವುಚಿ ಇಟ್ಟೆ. ಮತ್ತೆ ಹೋಗಿ ಡಬ್ಬಿಯ ಬೆನ್ನನ್ನು ನೋಡಿದೆ. ಸ್ಪೀಕರಿಗೆಂದು ಕೊಟ್ಟ ಎರಡು ದುಂಡು ತೂತುಗಳು ಅಲ್ಲಿದ್ದವು. ಲೈನ್ ಔಟ್ ಎನ್ನುತ್ತಾರೆ. ಸ್ವರ ಅಂಕಿಯಾಗದೆ, ಬರೀ ಕರೆಂಟಿನ ಅಲೆಯಾಗಿ ಹೊರಗೆ ಬರುವ ದಾರಿ ಅದು. ಆ ದಾರಿಗೆ ಯಜಮಾನತಿ ಯಾರೆಂಬ ತಕರಾರಿಲ್ಲ. ಡೆಸ್ಕ್‌ಟಾಪಿಗೆ ಯುಎಸ್‌ಬಿಯಿಂದ, ಲ್ಯಾಪ್‌ಟಾಪಿಗೆ ಲೈನ್ ಔಟಿನಿಂದ ಒಂದು ಸಣ್ಣ ಸೌಂಡ್ ಕಾರ್ಡಿನ ಮೂಲಕ ಕೊಟ್ಟರೆ?

ಕೊಟ್ಟೆ. ಎರಡಕ್ಕೂ ಸ್ವರ ಹೋಯಿತು. ಒಟ್ಟಿಗೇ ಒಂದು ಗುಂಯ್ ಕೂಡ ಬಂತು, ಜೇನುಗೂಡಿನ ಹಾಗೆ. ಕೇಬಲು ಬದಲಾಯಿಸಿದೆ, ಹೋಗಲಿಲ್ಲ. ಫ್ರಿಜ್ಜು ಬಂದ್ ಮಾಡಿದೆ, ಹೋಗಲಿಲ್ಲ. ಮಧ್ಯಾಹ್ನದ ಚಟ್ನಿಗೆ ಮಿಕ್ಸಿಯ ಪ್ಲಗ್ಗಿಗೆ ಜಾಗ ಸಾಲದೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತೆ ನೋಡಿ, ಗುಂಯ್ ನಿಂತಿತು. ಕೈಯಲ್ಲಿ ಚಾರ್ಜರು ಹಿಡಿದು ಹಾಗೇ ನಿಂತಿದ್ದೆ. ಎರಡು ಕಂಪ್ಯೂಟರುಗಳ ನೆಲಕ್ಕಿಳಿಯುವ ಅರ್ಥಿಂಗ್ ತಂತಿಗಳು ನನ್ನ ಕೇಬಲಿನ ಮೂಲಕ ಕೈ ಕೈ ಹಿಡಿದುಕೊಂಡು ಗೋಡೆಯೊಳಗಿನ ಕರೆಂಟಿನ ಸದ್ದನ್ನೆಲ್ಲ ಸ್ವರಕ್ಕೆ ಸೇರಿಸುತ್ತಿದ್ದವು. ಗ್ರೌಂಡ್ ಲೂಪ್ ಎಂದು ಪುಸ್ತಕದಲ್ಲಿ ಓದಿದ್ದೆ, ಕಿವಿಯಲ್ಲಿ ಕೇಳಿದ್ದು ಅದೇ ಮೊದಲು. ಚಾರ್ಜರಿಲ್ಲದೆ ಲ್ಯಾಪ್‌ಟಾಪು ಹೆಚ್ಚು ಹೊತ್ತು ಬದುಕದು. ಯಜಮಾನರು ಮತ್ತೆ ಬೈಕು ಹತ್ತಿ ಬ್ರಹ್ಮಾವರದ ಸೌಂಡ್ಸ್ ಅಂಗಡಿಯಿಂದ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ತಂದರು. ಬೆಂಕಿಪೊಟ್ಟಣದಷ್ಟು ದೊಡ್ಡದು. ಸ್ವರವನ್ನು ದಾಟಿಸಿ, ತಂತಿಗಳ ಕೈ ಮಾತ್ರ ಬಿಡಿಸುತ್ತದೆ. ನಂದಿತಾ ಹೇಳುವುದು ಗುಲಾಬಿಗೆ ಕೇಳಲೆಂದು ಲ್ಯಾಪ್‌ಟಾಪಿನಿಂದ ಒಂದು ಕಿವಿಗೆ ಇಯರ್‌ಫೋನು ಕೊಟ್ಟೆ. ದೀಪ ಹಚ್ಚುವ ಹೊತ್ತಿಗೆ ಮನೆ ನಿಶ್ಶಬ್ದವಾಗಿತ್ತು. ಫ್ರಿಜ್ಜಿನಲ್ಲಿದ್ದ ಹಾಲು ಒಡೆದಿತ್ತು.

ಶನಿವಾರ ಗುಲಾಬಿ ಬಂದಾಗ ನಾನು ಒಂದು ಗಳಿಗೆ ಗುರುತು ಹಿಡಿಯಲಿಲ್ಲ. ಜರಿ ಅಂಚಿನ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಎರಡೂ ಕೈಗೆ ಹೊಸ ಬಳೆ ಹಾಕಿಕೊಂಡಿದ್ದಳು. ಬಳೆಗಳು ಸದ್ದು ಮಾಡುತ್ತವೆಂದು ನಾನೇ ಒಂದೊಂದಾಗಿ ತೆಗೆದು ತಟ್ಟೆಯಲ್ಲಿಟ್ಟೆ. ನಂದಿತಾ ಪರದೆಯಲ್ಲಿ ಕಾಣಿಸಿಕೊಂಡು ತಾವು ಕಳಿಸಿದ್ದ ವಾಕ್ಯಗಳನ್ನು ಶುರು ಮಾಡೋಣ ಎಂದರು. ಗುಲಾಬಿ ಬೆನ್ನು ನೆಟ್ಟಗೆ ಮಾಡಿ, ಮೈಕನ್ನು ನೋಡಿ, ನಾನು ಎಂದೂ ಕೇಳಿರದ ಸ್ವರದಲ್ಲಿ ಹೇಳಿದಳು: "ದಯವಿಟ್ಟು ನನಗೆ ಕುಡಿಯಲು ನೀರು ಕೊಡಿ."

ನಾನು ಹುಬ್ಬೇರಿಸಿದ್ದನ್ನು ನೋಡಿ ಮೈಕಿನಿಂದ ಮುಖ ತಿರುಗಿಸಿ ಪಿಸುಗುಟ್ಟಿದಳು: "ಮೈಕ್ ಎದ್ರ್ ಕೂತ್ಕಂಡ್ ಬತ್ತೆ ಹೋತೆ ಅಂಬ್ದಾ? ಮರ್ಯಾದಿ ಬ್ಯಾಡ್ದಾ ಅಮ್ಮ?"

ಅದು ನಮ್ಮ ಕಡೆಯ ರೂಢಿ. ಮದುವೆ ಚಪ್ಪರವಿರಲಿ, ಶಾಲಾ ವಾರ್ಷಿಕೋತ್ಸವವಿರಲಿ, ಅಷ್ಟು ಹೊತ್ತು "ಎಂತದಾ ಮಾರಾಯಾ" ಎನ್ನುತ್ತಿದ್ದವನು ಮೈಕು ಹಿಡಿದ ಕೂಡಲೇ "ಮಾನ್ಯರೇ" ಎನ್ನುತ್ತಾನೆ. ಮೈಕು ಕಂಡರೆ ನಮ್ಮೂರಿನವರ ಮಾತು ಚಪ್ಪಲಿ ಬಿಚ್ಚಿಟ್ಟು ಒಳಗೆ ಬರುತ್ತದೆ. ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಅವಳು ಎಡವಿದಲ್ಲೆಲ್ಲ ನಾನೇ ತಿದ್ದಿದೆ, ಸಿಸ್ಟರ್ ನನ್ನನ್ನು ತಿದ್ದಿದ ಹಾಗೆ. "ನೀವು ಊಟ ಮಾಡಿದಿರಾ?" "ನನಗೆ ನೋವಾಗುತ್ತಿದೆ." "ಈ ದಿನದ ಬೆಲೆ ಎಷ್ಟೆಂದರೆ..." ಕೆಲವು ವಾಕ್ಯಗಳಾದ ಮೇಲೆ ವಿಶ್ರಾಂತಿ, ಬಿಸಿನೀರಿನ ಒಂದು ಗುಟುಕು, ಮತ್ತೆ ಕೆಲವು. ಮಧ್ಯಾಹ್ನದೊಳಗೆ ಮುಗಿಯಿತು. ಡಬ್ಬಿ ಎಲ್ಲವನ್ನೂ ಒರೆಸಿ ತೊಳೆದು ಕೊಟ್ಟಿತ್ತು. ಲಾರಿಯಿಲ್ಲ, ಕಾಗೆಯಿಲ್ಲ, ಅವಳ ಉಸಿರಿನ ಸುಯ್ಲೂ ಇಲ್ಲ. ಇಷ್ಟು ಚೆಂದದ ಕೆಲಸ ನಾನು ಮಾಡಿಯೇ ಇಲ್ಲ ಅನ್ನಿಸಿತು.

ಅದೇ ಮಧ್ಯಾಹ್ನ ಗುಲಾಬಿಯ ಮಗಳು ಪ್ರಮೀಳಾ ಬೈಂದೂರಿನ ಗಂಡನ ಮನೆಯಿಂದ ಬಸ್ಸು ಹಿಡಿದು ಬಂದಳು. ಅಮ್ಮನನ್ನು, ಅವಳ ಬಾಯಲ್ಲಿ ಅಬ್ಬಿಯನ್ನು, ಆಸ್ಪತ್ರೆಗೆ ಕರೆದುಕೊಂಡು ಹೋಗುವವಳು ಅವಳೇ. ಹೆಮ್ಮೆಯಿಂದ ಹೆಡ್‌ಫೋನು ಕೊಟ್ಟು ಕೇಳಿಸಿದೆ. ಅವಳು ಕೇಳಿದಳು, ಮುಂದಿನದನ್ನು ಕೇಳಿದಳು, ಹೆಡ್‌ಫೋನು ತೆಗೆದಳು.

"ಇದ್ ಯಾರ್ ಮಾತಾಡುದ್?"

"ನಿನ್ನ ಅಬ್ಬಿಯೇ."

"ನಮ್ಮ್ ಅಬ್ಬಿ 'ದಯವಿಟ್ಟು' ಅಂದದ್ದ್ ನಾ ಹುಟ್ಟಿದ್ ಮೇಲೆ ಕೇಂಡದ್ದಿಲ್ಲೆ. ಇದ್ ರೇಡಿಯೋದವ್ರ್."

ಗುಲಾಬಿ ನಗಲು ಹೋಗಿ ಕೆಮ್ಮಿದಳು. "ದಯವಿಟ್ಟು ಅಂದ್ರೆ ನಮ್ಮನೇಲ್ ಯಾರ್ ತಿರ್ಗಿ ಕಾಣ್ತ್ರ್, ಅಲ್ದಾ?" ಎಂದಳು. ಪ್ರಮೀಳಾ ನಗಲಿಲ್ಲ.

"ನಾಳಿಂದ ನೀ ಫೋನ್ ಒತ್ತಿ 'ನೀವು ಊಟ ಮಾಡಿದಿರಾ' ಅಂದ್ರೆ, ನಾ ಯಾರಿಗ್ ಉತ್ತರ ಕೊಡುದ್ ಅಬ್ಬಿ?"

ಗುಲಾಬಿ ತಟ್ಟೆಯಲ್ಲಿದ್ದ ಬಳೆಗಳನ್ನು ಸೆರಗಿಗೆ ಕಟ್ಟಿಕೊಂಡು, "ನಾಳೆ ಬತ್ತೆ ಅಮ್ಮ, ಮೀನ್ ಮಾರು ಸೀರಿ ಉಟ್ಕಂಡ್" ಎಂದಳು.

ನಂದಿತಾಗೆ ಹೇಳಿದಾಗ ಅವರು ಒಪ್ಪಿಕೊಂಡರು. "ನನ್ನ ಪಟ್ಟಿ ಪುಸ್ತಕದ ಕನ್ನಡದಲ್ಲಿತ್ತು, ನಿಜ. ಆದ್ರೆ ಗಂಟಲು ಇವತ್ತೇ ತುಂಬ ದಣಿದಿದೆ. ನಾಳೆ ಎಲ್ಲಾ ಮತ್ತೆ ಆಗಲ್ಲ. ಯಾವ್ದು ಬೇಕೇ ಬೇಕೋ ಅಷ್ಟು ಮಾತ್ರ. ಅವರೇ ಆರಿಸ್ಲಿ."

ಭಾನುವಾರ ಗುಲಾಬಿ ಹಳೆಯ ಸೀರೆಯಲ್ಲಿ, ಹೂವಿಲ್ಲದೆ, ಮಗಳೊಂದಿಗೆ ಬಂದಳು. ಆರಿಸಿಕೊಂಡೇ ಬಂದಿದ್ದಳು. "ಹ್ವಾಯ್, ಪಾತ್ರಿ ತಕಂಡ್ ಬನ್ನಿ." "ಇಂದ್ ಬಂಗ್ಡಿ ಲಾಯ್ಕಿತ್ತ್." "ಅಷ್ಟ್ ಕಮ್ಮಿಗೆ ಆತಿಲ್ಲೆ ಅಮ್ಮ." "ಉಸ್ರ್ ಕಟ್ತ್, ಕಿಟ್ಕಿ ತೆಗಿ." "ಉಂಡ್ಯಾ ಮಗಾ?" ಕಡೆಗೆ, ಒಂದೇ ಒಂದು ಸಲ, ಓಣಿಯ ಕೂಗು. ಅದಕ್ಕೆ ನಂದಿತಾ ಮೊದಲು ಒಪ್ಪಿರಲಿಲ್ಲ. ಕಡೆಗೆ, "ಒಂದೇ ಸಲ, ಅದೂ ಕೊನೇಲಿ" ಎಂದಿದ್ದರು.

ಎದುರಿಗೆ ಕೂತ ನಾನು ಅವಳ ಕುತ್ತಿಗೆಯನ್ನೇ ನೋಡುತ್ತಿದ್ದೆ. ಪ್ರತಿ ಮಾತಿಗೂ ಕರಿಮಣಿ ಒಮ್ಮೆ ಮೇಲೆ ಹೋಗಿ ಇಳಿಯುತ್ತಿತ್ತು. ವಿಶ್ರಾಂತಿಯ ಹೊತ್ತಿಗೆ ಕೇಳಿ ನೋಡಿದೆ. 'ಪಾತ್ರಿ ತಕಂಡ್ ಬ...' ಅಷ್ಟೇ. 'ಬಂಗ್ಡಿ ಲಾಯ್ಕಿ...' ಅಷ್ಟೇ. ಮಾತುಗಳ ತುದಿಗಳೇ ಇಲ್ಲ. ಹಿಂದಿನ ದಿನ ಅದೇ ಡಬ್ಬಿ ಒಂದಕ್ಷರ ಬಿಡದೆ ಕೊಟ್ಟಿತ್ತಲ್ಲ! ಆಮೇಲೆ ತಿಳಿಯಿತು. ನಾಯ್ಸ್ ಗೇಟನ್ನು ನಾನು ನನ್ನ ಓದಿಗೆ ಹೊಂದಿಸಿದ್ದೆ. ಪದದ ಬಾಲವನ್ನು ಎಳೆದು ಮುಗಿಸುವ ಸ್ವರಕ್ಕೆ. ನಮ್ಮ ಊರಿನ ಮಾತಾದರೆ ಕೊನೆಯಲ್ಲಿ ತಟ್ಟನೆ ಇಳಿದುಬಿಡುತ್ತದೆ, ಅದರಲ್ಲೂ ದಣಿದ ಗಂಟಲಿನಲ್ಲಿ. ಇಳಿದದ್ದನ್ನು ಗಲಾಟೆಯೆಂದು ತಿಳಿದು ಡಬ್ಬಿ ಬಾಗಿಲು ಹಾಕುತ್ತಿತ್ತು. ಸಿಸ್ಟರ್ ನುಂಗಬೇಡಿ ಎಂದ ಬಾಲವನ್ನೇ ಅದು ನುಂಗುತ್ತಿತ್ತು.

ಗೇಟಿನ ಮಟ್ಟವನ್ನು ತೀರ ಕೆಳಗೆ ಇಳಿಸಿದೆ. ಐದಾರು ಮಾತುಗಳನ್ನು ಮತ್ತೆ ಹೇಳಿಸಬೇಕಾಯಿತು. ನಂದಿತಾ ನಡುವೆ ಒಮ್ಮೆ ಕೈ ಎತ್ತಿ, "ಧ್ವನಿ ಒಡೀತಾ ಇದೆ, ನಿಲ್ಲಿಸಿ" ಎಂದರು. ನಿಲ್ಲಿಸಿದೆವು. ಹೊರಗೆ ಯಾರದೋ ಬೈಕಿನ ಹಾರ್ನು. ಎಲ್ಲವೂ ಬೇಗ ಮುಗಿಯಲಿ ಅನ್ನಿಸುತ್ತಿತ್ತು, ಮುಗಿದರೆ ಅವಳ ಸ್ವರವೂ ಮುಗಿಯುತ್ತದಲ್ಲ ಅನ್ನಿಸುತ್ತಿತ್ತು.

ಕಡೆಗೆ ಕೂಗು. ಗುಲಾಬಿ ಕುರ್ಚಿಯಿಂದ ಎದ್ದು ನಿಂತಳು. ಕೂತು ಕೂಗಲು ಅವಳಿಗೆ ಬರುತ್ತಿರಲಿಲ್ಲ. ಒಂದು ಕೈ ಸೊಂಟಕ್ಕೆ ಕೊಟ್ಟು, ಇಲ್ಲದ ಬುಟ್ಟಿಗೆ ಇನ್ನೊಂದು ಕೈ ಎತ್ತಿ ಕೂಗಿದಳು: "ಮೀನೋ...ಯ್! ಬಂಗ್ಡಿ, ಚಟ್ಲಿ, ಮೀನೋ...ಯ್!" ರಜಾಯಿಗಳು ನಡುಗಿದವು ಎಂದರೆ ಸುಳ್ಳಾದೀತು, ನಾನಂತೂ ನಡುಗಿದೆ. ಪ್ರಮೀಳಾ ಬಾಗಿಲ ಹೊರಗೆ ಗೋಡೆಗೆ ಒರಗಿ ಕೂತಿದ್ದಳಂತೆ, ಸುಬ್ಬಿಯನ್ನು ಮಡಿಲಲ್ಲಿ ಒತ್ತಿ ಹಿಡಿದು.

ಕೇಳಿ ನೋಡಿದೆ. 'ಮೀನೋ' ಎಂದು ಶುರುವಾದದ್ದು ಅಲ್ಲಿಗೇ ಕುಗ್ಗಿ, ಯಾರೋ ಬಾಯಿಗೆ ದಿಂಬು ಒತ್ತಿದ ಹಾಗೆ ಇಲ್ಲವಾಗಿತ್ತು. ಬಂಗ್ಡಿ ಇತ್ತು, ಚಟ್ಲಿ ಇತ್ತು. ಎರಡನೆಯ 'ಮೀನೋ' ಮತ್ತೆ ದಿಂಬಿನಡಿಗೆ. ನಾನು ಗೇಟಿನ ಬಗ್ಗೆ ಮಾತ್ರ ಯೋಚಿಸಿದ್ದೆ. ಫೀಡ್‌ಬ್ಯಾಕ್ ಸಪ್ರೆಸರ್ ತನ್ನ ಪಾಡಿಗೆ ಎಚ್ಚರವಿತ್ತು. ಉದ್ದಕ್ಕೆ ಎಳೆದ ಆ 'ಓ' ಅದಕ್ಕೆ ಮೈಕಿನ ಕಿರುಚಾಟದಂತೆಯೇ ಕೇಳಿತ್ತು. ಮುಂಬೈಯ ಭಜನೆಗಳಲ್ಲಿ ಕಲಿತ ಕೆಲಸವನ್ನು ನಿಷ್ಠೆಯಿಂದ ಮಾಡಿತ್ತು.

ಹೇಳಲೇಬೇಕಿತ್ತು. ಹೇಳಿದೆ. ಹೇಳುವಾಗ ನನ್ನ ಸ್ವರವೇ ಒಡೆಯಿತು.

ಗುಲಾಬಿ ನನ್ನ ಮುಖ ನೋಡಿದಳು. "ತಪ್ಸ್ಕಂಡ್ ಹೋಯ್ತಾ? ಬಲಿಗ್ ಬಂದ ಮೀನ್ ತಪ್ಸ್ಕಂಬುದ್ ಇದೇ ಸುರುವಾ ಅಮ್ಮ? ಕಣ್ಣೀರ್ ಹಾಕ್ಬೇಡಿ, ನಿಮ್ಮ್ ಮೈಕ್ ಒದ್ದಿ ಆತ್."

ನಂದಿತಾ ಮಾತ್ರ ಗಟ್ಟಿಯಾಗಿಯೇ ಹೇಳಿದರು: "ಇನ್ನೊಂದ್ ಸಲ ಹಾಗ್ ಕೂಗೋದು ಬೇಡ. ಒಳಗೆ ಊದ್ಕೊಂಡ್ರೆ ಉಸಿರಿಗೇ ತೊಂದರೆ. ಒಂದ್ ಗಂಟೆ ಮಾತೇ ಆಡ್ಬೇಡಿ. ಆಮೇಲೆ ಕೂಗ್ಬೇಡಿ, ಕೂಗೋ ಹಾಗೆ ಮೆಲ್ಲಗೆ ಹೇಳಿ. ಸಾಧ್ಯ ಆದ್ರೆ ಮಾತ್ರ."

ಆ ಒಂದು ಗಂಟೆ ಗುಲಾಬಿ ಜಗಲಿಯಲ್ಲಿ ಸುಬ್ಬಿಯ ಬೆನ್ನು ಸವರುತ್ತ ಕೂತಿದ್ದಳು. ಪ್ರಮೀಳಾ ಅವಳ ಕೂದಲಿನ ಸಿಕ್ಕು ಬಿಡಿಸುತ್ತಿದ್ದಳು. ನಾನು ಡಬ್ಬಿಯ ಮುಂದೆ ಕೂತು ಅದರ ಕೈಪಿಡಿಯ ಪುಟಗಳನ್ನು ತಿರುವಿದೆ. ಸಪ್ರೆಸರನ್ನೂ ಬಂದ್ ಮಾಡಿದರಾಯಿತಲ್ಲ ಎಂದು ಮೊದಲು ಅನ್ನಿಸಿತು. ಆದರೆ ಸ್ವರ ತಿದ್ದುವಂಥದ್ದು ನಾನು ಮರೆತ ಇನ್ನೊಂದು, ಮತ್ತೊಂದು, ಒಳಗೆ ಎಷ್ಟಿವೆಯೋ! ಎಲ್ಲವನ್ನೂ ತೆಗೆದರೆ ಲಾರಿ, ಗಾಳಿ ಸೇರಿ ನಂದಿತಾಗೆ ಆ ದುರ್ಬಲ ನೆಟ್‌ವರ್ಕಿನಲ್ಲಿ ಏನೂ ತಿಳಿಯುತ್ತಿರಲಿಲ್ಲ. ಅವರಿಗೆ ತಿಳಿಯದಿದ್ದರೆ ಗುಲಾಬಿ ಬಾಯಿ ತೆರೆಯುವಂತೆಯೇ ಇಲ್ಲ.

ಆಗ ಹೊಳೆದದ್ದು ಎಷ್ಟು ಸಣ್ಣ ವಿಷಯವೆಂದರೆ ಹೇಳಲು ನಾಚಿಕೆ. ಎರಡು ಕಂಪ್ಯೂಟರಿಗೆ ಎರಡು ದಾರಿ ಮಾಡಲು ಶುಕ್ರವಾರವಿಡೀ ಒದ್ದಾಡಿದ್ದೆವು. ಮಾಡಿದ ಎರಡೂ ದಾರಿಗಳಲ್ಲಿ ನಾನು ಕಳಿಸುತ್ತಿದ್ದದ್ದು ಒಂದೇ ತೊಳೆದ ಸ್ವರ. ತೆಂಗಿನಕಾಯಿ ಹಿಂಡುವಾಗ ನಾವು ಹಾಗೆ ಮಾಡುತ್ತೇವೆಯೆ? ಮೊದಲ ಹಾಲನ್ನು ಬೇರೆ ತೆಗೆದಿಟ್ಟು, ಆಮೇಲೆ ನೀರು ಬೆರೆಸಿ ಎರಡನೆಯದನ್ನು ಹಿಂಡುತ್ತೇವೆ. ಎರಡೂ ಬೇಕು. ನೀರು ಬೆರೆಸಿದ ಮೇಲೆ ಮೊದಲ ಹಾಲು ಮತ್ತೆ ಸಿಗುವುದಿಲ್ಲ.

ಡಬ್ಬಿಯಲ್ಲಿ ಅದಕ್ಕೊಂದು ವ್ಯವಸ್ಥೆ ಇತ್ತು. ಇಷ್ಟು ವರ್ಷ ನಾನು ಮುಟ್ಟಿರಲಿಲ್ಲ. ಯುಎಸ್‌ಬಿಗೆ ಪ್ರೊಸೆಸರಿಗಿಂತ ಮೊದಲಿನ ಸ್ವರ, ಅಂದರೆ ಮೈಕಿನಿಂದ ಬಂದದ್ದು ಬಂದ ಹಾಗೇ. ಲೈನ್ ಔಟಿಗೆ ತೊಳೆದ ಸ್ವರ. ಡೆಸ್ಕ್‌ಟಾಪಿಗೆ ಮೊದಲ ಹಾಲು, ಲ್ಯಾಪ್‌ಟಾಪಿಗೆ ಎರಡನೆಯದು. ಹೊಂದಿಸಿ, ನಾನೇ ಮೈಕಿಗೆ "ಬತ್ತೆ, ಹೋತೆ" ಎಂದು ಹೇಳಿ ಪರೀಕ್ಷಿಸಿದೆ. ಆ ಕೋಣೆಯಲ್ಲಿ, ಆ ಮೈಕಿನಲ್ಲಿ, ಆ ಕನ್ನಡ ಆಡಿದ್ದು ನಾನೂ ಅದೇ ಮೊದಲು.

ಗುಲಾಬಿ ಒಳಗೆ ಬಂದಳು. ಬಾಗಿಲು ಹಾಕಿದೆ, ಟವೆಲು ಒತ್ತಿದೆ. ಅವಳು ಕಣ್ಣು ಮುಚ್ಚಿದಳು. ಈ ಸಲ ಕೈ ಎತ್ತಲಿಲ್ಲ. ಮೆಲ್ಲಗೆ, ಓಣಿಯ ಆ ತುದಿಯಿಂದ ಕೇಳಿಸಿದಷ್ಟೇ ಮೆಲ್ಲಗೆ, "ಮೀನೋ...ಯ್" ಎಂದು ಎಳೆದಳು. ಸ್ವರದಲ್ಲಿ ಮರಳು ಇತ್ತು, ಕೊನೆಯಲ್ಲಿ ಉಸಿರು ಸಾಲದೆ ಸುಯ್ ಎಂದಿತು. ಅದು ಮುಗಿಯುವ ಮೊದಲೇ ಬಾಗಿಲ ಹೊರಗಿನಿಂದ, ಪ್ರಮೀಳಾಳ ಕೈ ತಪ್ಪಿಸಿಕೊಂಡ ಸುಬ್ಬಿ, ಹತ್ತು ವರ್ಷದ ಅಭ್ಯಾಸದಂತೆ, ಉದ್ದಕ್ಕೆ ಉತ್ತರ ಕೊಟ್ಟಳು: "ಮ್ಯಾಂ...ವ್!"

ಗುಲಾಬಿ ಕಣ್ಣು ಬಿಟ್ಟಳು. ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಳು.

"ಮುಗೀತಾ?" ಎಂದರು ನಂದಿತಾ ಪರದೆಯಲ್ಲಿ. "ನಂಗೆ ಮೊದಲರ್ಧ ಕೇಳಿಸ್ತು ಅಷ್ಟೆ. ಯಾಕೆ ನಗ್ತಿದೀರಾ ಎಲ್ಲಾರೂ?"

ಡೆಸ್ಕ್‌ಟಾಪಿನಲ್ಲಿ ಎಲ್ಲವೂ ಇತ್ತು: ಎಳೆದ 'ಓ', ಉಸಿರಿನ ಸುಯ್ಲು, ದೂರದ ಲಾರಿ, ಬೆಕ್ಕು. ಪ್ರಮೀಳಾ ಹೆಡ್‌ಫೋನು ಹಾಕಿಕೊಂಡು ಕೇಳಿದಳು. ಈ ಸಲ ಯಾರು ಮಾತಾಡುವುದೆಂದು ಕೇಳಲಿಲ್ಲ. ಅಮ್ಮನ ಮಂಡಿಯ ಮೇಲೆ ತಲೆಯಿಟ್ಟು, ಮತ್ತೆ ಮೊದಲಿಂದ ಹಾಕಿ ಎಂದು ನನಗೆ ಕೈಸನ್ನೆ ಮಾಡಿದಳು.

ಸೋಮವಾರ ಅವರು ಹೋದರು. ಆಪರೇಶನ್ ಆಯಿತು, ಜೀವ ಉಳಿಯಿತು. ಕುತ್ತಿಗೆಯಲ್ಲಿ ಉಸಿರಾಡಲೊಂದು ದಾರಿ ಮಾಡಿದ್ದಾರೆ, ಅದರ ಮೇಲೆ ಅವಳು ತೆಳು ಬಟ್ಟೆ ಕಟ್ಟಿಕೊಳ್ಳುತ್ತಾಳೆ. ಫೋನಿಗೆ ಮಾತುಗಳನ್ನು ಹಾಕುವಾಗ ಕೂಗಿನ ಎರಡು ಪ್ರತಿಗಳನ್ನು ಕಳಿಸಿದ್ದೆ. ಒಂದು ಹಾಗೇ ಇದ್ದದ್ದು, ಇನ್ನೊಂದು ಬೆಕ್ಕನ್ನೂ ಲಾರಿಯನ್ನೂ ನಾಜೂಕಾಗಿ ತೆಗೆದದ್ದು. ಆಸ್ಪತ್ರೆಯ ಹಾಸಿಗೆಯಲ್ಲಿ ಎರಡನ್ನೂ ಕೇಳಿ ಗುಲಾಬಿ ಬೆಕ್ಕಿನದರ ಮೇಲೆ ಬೆರಳಿಟ್ಟಳಂತೆ.

ಆ ಮೇಲೆ ಯಾರ ಸ್ವರವನ್ನು ರೆಕಾರ್ಡ್ ಮಾಡುವಾಗಲೂ ನಾನು ಎರಡು ದಾರಿ ಇಡುತ್ತೇನೆ. ಒರೆಸಿದ್ದು ಈಗ ಕೇಳುವವರಿಗೆ, ಒರೆಸದೇ ಇಟ್ಟದ್ದು ಮುಂದೆ ಹುಡುಕಿಕೊಂಡು ಬರುವವರಿಗೆ. ಚೊಕ್ಕ ಮಾಡಲು ಯಾವಾಗ ಬೇಕಾದರೂ ಸಮಯವಿದೆ. ತೆಗೆದಿಡುವುದಕ್ಕೆ ಮಾತ್ರ ಒಂದೇ ಗಳಿಗೆ. ಅದನ್ನು ಕೈಪಿಡಿಯಲ್ಲಿ ಎಲ್ಲೂ ಬರೆದಿರಲಿಲ್ಲ.

ಮರುವರ್ಷ ಬೇಸಿಗೆಯ ಒಂದು ಬೆಳಿಗ್ಗೆ ನಾನು ವಿಜ್ಞಾನದ ಪಾಠ ಓದುತ್ತಿದ್ದೆ. ಓಣಿಯ ತುದಿಯಲ್ಲಿ 'ಮೀನೋ...ಯ್' ಎಂದಿತು, ಅದರ ಬೆನ್ನಿಗೇ 'ಮ್ಯಾಂವ್' ಎಂದಿತು. ಟವೆಲಿನ ಮೇಲಿದ್ದ ಸುಬ್ಬಿ ತನ್ನದೇ ಸ್ವರ ಕೇಳಿ ಒಂದು ಕ್ಷಣ ಗಲಿಬಿಲಿಗೊಂಡಳು, ಆಮೇಲೆ ಓಡಿದಳು. ಪಾತ್ರೆ ಹಿಡಿದು ನಾನು ಗೇಟು ಮುಟ್ಟುವಾಗ ಅವಳಾಗಲೇ ಗುಲಾಬಿಯ ಕಾಲಿಗೆ ಮೈ ಉಜ್ಜುತ್ತಿದ್ದಳು. ಬುಟ್ಟಿಯ ಅಂಚಿಗೆ ಒಂದು ಪುಟ್ಟ ಸ್ಪೀಕರು ಕಟ್ಟಿತ್ತು. ಗುಲಾಬಿ ನನ್ನನ್ನು ನೋಡಿದಳು, ಬೆಕ್ಕನ್ನು ನೋಡಿದಳು, ಸೊಂಟದಿಂದ ಫೋನು ತೆಗೆದು ಹೆಬ್ಬೆರಳಿನಲ್ಲಿ ಒಂದು ಚಿತ್ರ ಒತ್ತಿದಳು.

"ಉಂಡ್ಯಾ ಮಗಾ?"

ಕೇಳಿದ್ದು ಯಾರನ್ನೋ ತಿಳಿಯಲಿಲ್ಲ. ಸುಬ್ಬಿಯೂ ನಾನೂ ಒಟ್ಟಿಗೇ ಉತ್ತರ ಕೊಟ್ಟೆವು.